ಜೀವಾಮೃತ ಮಂದವೋ, ಟ್ಯೂಬ್ ಕಟ್ಟಿದೆಯೋ?

ಕಂದಿಕೆರೆ ಕಡೆ ತೆಂಗಿಗೆ ಮೈಕ್ರೋ ಟ್ಯೂಬಿನಲ್ಲಿ ಜೀವಾಮೃತ ಬಿಡೋರೇ, ಬುಡಕ್ಕೆ ಸರಿಯಾಗಿ ಇಳೀತಿಲ್ಲವೇ? ದ್ರವದ ಪದರಗಳು ಒಂದರ ಮೇಲೊಂದು ಜಾರುವಾಗ ಒಡ್ಡುವ ತಡೆಯೇ ಸ್ನಿಗ್ಧತೆ. ಅದನ್ನು ಮೊಬೈಲ್ ಸ್ಟಾಪ್‌ವಾಚ್‌ನಲ್ಲೇ ಅಳೆಯಬಹುದು.

ಬಕೆಟ್ಟನ್ನು ಎತ್ತರದಲ್ಲಿಟ್ಟು, ಒಂದು ಮೀಟರ್ ಟ್ಯೂಬಿನಿಂದ 100 ಮಿ.ಲೀ. ನೀರು ಇಳಿಯುವ ಹೊತ್ತು ನೋಡಿ. ಆಮೇಲೆ ಅದೇ ಎತ್ತರ, ಅದೇ ಟ್ಯೂಬು, ಬಟ್ಟೆಯಲ್ಲಿ ಸೋಸಿದ ಜೀವಾಮೃತ. ನೀರಿಗೆ 4 ನಿಮಿಷ, ಇದಕ್ಕೆ 6 ಹಿಡಿದರೆ 6÷4, ಅಂದ್ರೆ ಒಂದೂವರೆ ಪಟ್ಟು. ಸಾಂದ್ರತೆ ಎರಡರದ್ದೂ ಹೆಚ್ಚುಕಡಿಮೆ ಒಂದೇ, ಹಾಗಾಗಿ ಲೆಕ್ಕ ಸಲೀಸು. 30 ಡಿಗ್ರಿಯಲ್ಲಿ ನೀರಿನ ಸ್ನಿಗ್ಧತೆ 0.8 ಮಿಲಿಪ್ಯಾಸ್ಕಲ್-ಸೆಕೆಂಡ್; ಇದರದ್ದು 1.2.

ಈಗ ಮತ್ತೆ ನೀರು ಬಿಡಿ. 4 ನಿಮಿಷಕ್ಕೇ ಬಂತಾ? ಹಾಗಾದ್ರೆ ದ್ರವವೇ ಮಂದ: ಒಂದು ಗಂಟೆ ಬದಲು ಒಂದೂವರೆ ಗಂಟೆ ಬಿಡಿ, ಇಲ್ಲವೇ ನೀರು ಬೆರೆಸಿ. ಚಳಿಗಾಲದ ಬೆಳಗ್ಗೆ ಬೇಡ, ಆಗ ನೀರೂ ಮಂದವೇ. ತಡವಾದರೆ ಸಗಣಿ ನಾರು ಕಟ್ಟಿದೆ. ಎಷ್ಟು ನೀರು ಬೆರೆಸಿದರೂ ಅದು ಹೋಗಲ್ಲ, ಟ್ಯೂಬ್ ತೊಳೆದು ಇನ್ನೊಮ್ಮೆ ಸೋಸಿ.