ಜಿಂಕೆಯ ಮೇವು: ಪೀಪಾಯಿಯಿಂದ ಹುಲ್ಲುಗಾವಲಿಗೆ

ತಮಿಳುನಾಡಿನ ಕೊಯಮತ್ತೂರು ಮತ್ತು ತಿರುಪ್ಪೂರು ಜಿಲ್ಲೆಗಳು ಪಶ್ಚಿಮಘಟ್ಟದ ಮಳೆನೆರಳಿನ ಸೀಮೆಗೆ ಸೇರಿದ್ದು, ಬಯಲು ಭಾಗದಲ್ಲಿ ವರ್ಷಕ್ಕೆ ಸುಮಾರು 600ರಿಂದ 700 ಮಿಲಿಮೀಟರ್ ಮಳೆ ಬೀಳುತ್ತದೆ; ಅದರಲ್ಲಿ ಹೆಚ್ಚಿನ ಪಾಲು ಅಕ್ಟೋಬರಿನಿಂದ ಡಿಸೆಂಬರ್‌ವರೆಗಿನ ಹಿಂಗಾರಿನದು. ಜನವರಿ ಕಳೆಯುತ್ತಿದ್ದಂತೆ ಹುಲ್ಲು ಒಣಗಿ, ಹಳ್ಳಗಳು ಬತ್ತಿ, ಮೇ ಕೊನೆಯವರೆಗೂ ಕಾಡಿನ ಅಂಚಿನ ಚುಕ್ಕೆಜಿಂಕೆಗಳು ಹೊಲಗದ್ದೆಗಳ ಕಡೆಗೆ ಸರಿಯುತ್ತವೆ. ಇಂಥ ಸಮಯದಲ್ಲಿ ಮನೆಯಲ್ಲೇ ಒಂದು ಮೇವುಪಾತ್ರೆ ಮಾಡಿ ಜಿಂಕೆಗಳ ದಾರಿಯಲ್ಲಿ ನಿಲ್ಲಿಸಿದರೆ ಅವುಗಳ ಹಸಿವು ತಣಿಯಬಹುದೆಂಬ ಆಲೋಚನೆ ಕನಿಕರವುಳ್ಳ ಯಾರಿಗಾದರೂ ಬರುವುದು ಸಹಜ. ಆ ಪಾತ್ರೆ ಹೇಗೆ ಕೆಲಸ ಮಾಡುತ್ತದೆ, ಅದು ಸಲ್ಲುವ ಜಾಗ ಯಾವುದು, ಸಲ್ಲದ ಜಾಗ ಯಾವುದು ಎಂಬುದನ್ನು ಈ ಜಿಲ್ಲೆಗಳನ್ನೊಳಗೊಂಡ ಕೊಂಗುನಾಡಿನ ನೆಲದಲ್ಲಿಟ್ಟೇ ಪರಿಶೀಲಿಸುವುದು ಅಗತ್ಯ.

ತೂಕದಿಂದ ಇಳಿಯುವ ಕಾಳು

ಇಂಥ ಮೇವುಪಾತ್ರೆಯನ್ನು ಗ್ರಾವಿಟಿ ಫೀಡರ್ ಎನ್ನುತ್ತಾರೆ; ಅದು ಕಾಳು ಅಥವಾ ತಿಂಡಿ ತನ್ನ ತೂಕದಿಂದಲೇ ಕೆಳಗಿಳಿದು ತೊಟ್ಟಿಗೆ ಬೀಳುವಂತೆ ಮಾಡುವ ಸಾಧನ. ಅದಕ್ಕೆ ಮೋಟರು ಬೇಡ, ವಿದ್ಯುತ್ತು ಬೇಡ. ಮೇಲೆ ಸಂಗ್ರಹದ ಪೀಪಾಯಿ, ನಡುವೆ ಕಿರಿದಾದ ಕತ್ತು, ಕೆಳಗೆ ತೊಟ್ಟಿ, ಇಷ್ಟೇ ಅದರ ಅಂಗಗಳು. ತೊಟ್ಟಿಗೆ ಬಿದ್ದ ಕಾಳು ಗುಡ್ಡೆಯಾಗಿ ಕತ್ತಿನ ಬಾಯನ್ನು ಮುಚ್ಚಿದೊಡನೆ ಹರಿವು ನಿಲ್ಲುತ್ತದೆ, ಪ್ರಾಣಿ ತಿಂದು ಗುಡ್ಡೆ ತಗ್ಗಿದಾಗ ಮತ್ತೆ ಆರಂಭವಾಗುತ್ತದೆ. ಸುರಿದ ಕಾಳಿನ ರಾಶಿ ಕುಸಿಯದೆ ನಿಲ್ಲಬಲ್ಲ ಇಳಿಜಾರಿಗೆ ವಿಶ್ರಾಂತಿ ಕೋನ ಎನ್ನುತ್ತಾರೆ. ಒಣಗಿದ ಮುಸುಕಿನ ಜೋಳಕ್ಕೆ ಇದು ಸುಮಾರು 25 ಡಿಗ್ರಿಯ ಆಸುಪಾಸಿನಲ್ಲಿದ್ದರೆ, ನಾರು ಹೆಚ್ಚಿರುವ ಗೋಧಿ ಬೂಸಾಕ್ಕೆ ಅದಕ್ಕಿಂತ ಬಹಳ ಹೆಚ್ಚು. ತಿರುಪ್ಪೂರು ಜಿಲ್ಲೆಯ ಪಲ್ಲಡಂ ದೇಶದ ಪ್ರಮುಖ ಬ್ರಾಯ್ಲರ್ ಕೋಳಿ ಕೇಂದ್ರಗಳಲ್ಲಿ ಒಂದಾಗಿದ್ದು, ಕೋಳಿಮನೆಗಳಲ್ಲಿ ಸಾಲಾಗಿ ತೂಗುವ ದುಂಡನೆಯ ಫೀಡರುಗಳು ಈ ತತ್ತ್ವದ ಮೇಲೆಯೇ ನಡೆಯುತ್ತವೆ.

ಮನೆಯಲ್ಲಿ ಇದನ್ನು ಮಾಡುವುದು ಕಷ್ಟವಲ್ಲ. ಒಳವ್ಯಾಸ 15 ಸೆಂಟಿಮೀಟರ್ ಇರುವ ಪಿವಿಸಿ ಕೊಳವೆಯನ್ನು ಒಂದೂವರೆ ಮೀಟರ್ ಉದ್ದಕ್ಕೆ ಕತ್ತರಿಸಿ, ಮೇಲೆ ಮಳೆ ನುಗ್ಗದಂತೆ ಮುಚ್ಚಳ ಹಾಕಿ, ಕೆಳಗೆ ಓರೆಯಾದ ಬೆಂಡ್ ಜೋಡಿಸಿ ಗಟ್ಟಿಯಾದ ಕಂಬಕ್ಕೆ ಬಿಗಿದರೆ ಅದರಲ್ಲಿ ಸುಮಾರು 26 ಲೀಟರ್ ಜಾಗ, ಅಂದರೆ 18ರಿಂದ 19 ಕಿಲೋ ಮುಸುಕಿನ ಜೋಳ ಹಿಡಿಯುತ್ತದೆ. 200 ಲೀಟರಿನ ಪ್ಲಾಸ್ಟಿಕ್ ಡ್ರಮ್ಮಿನಲ್ಲಾದರೆ ಸುಮಾರು 140 ಕಿಲೋ ತುಂಬಬಹುದು. ಆದರೆ ಅದರ ತಳ ಚಪ್ಪಟೆಯಾಗಿರುವುದರಿಂದ ಒಳಗೆ ತಗಡಿನ ಇಳಿಜಾರನ್ನು ಕೂರಿಸಬೇಕಾಗುತ್ತದೆ. ಜೋಳಕ್ಕೆ 45 ಡಿಗ್ರಿಯ ಇಳಿಜಾರು ಸಾಕು. ಬೂಸಾಕ್ಕೆ 60 ಡಿಗ್ರಿಗೂ ಹೆಚ್ಚು ಬೇಕು, ಏಕೆಂದರೆ ಬೂಸಾದ ಎಳೆಗಳು ಒಂದಕ್ಕೊಂದು ಹೆಣೆದುಕೊಂಡು ಕತ್ತಿನ ಬಳಿ ಕಮಾನಿನಂತೆ ಕಟ್ಟಿಕೊಳ್ಳುತ್ತವೆ ಮತ್ತು ಮೇಲೆ ಪಾತ್ರೆ ತುಂಬಿದ್ದರೂ ಕೆಳಗೆ ತೊಟ್ಟಿ ಬರಿದಾಗಿಯೇ ಉಳಿಯುತ್ತದೆ.

ಜಿಂಕೆಗಾಗಿ ಮಾಡುವಾಗ ಇನ್ನೂ ಕೆಲವು ಎಚ್ಚರಗಳು ಬೇಕು. ವಯಸ್ಕ ಗಂಡು ಚುಕ್ಕೆಜಿಂಕೆಯ ಹೆಗಲಿನ ಎತ್ತರ ಸುಮಾರು 90 ಸೆಂಟಿಮೀಟರ್, ಹೆಣ್ಣಿನದು ಅದಕ್ಕಿಂತ ಕಡಿಮೆ ಆಗಿರುವುದರಿಂದ ತೊಟ್ಟಿಯ ಅಂಚು 60 ಸೆಂಟಿಮೀಟರಿನ ಸುಮಾರಿಗೆ ಇದ್ದರೆ ಅನುಕೂಲ. ಗಂಡಿನ ಕವಲುಗೊಂಬುಗಳು ಸಿಕ್ಕಿಕೊಳ್ಳಬಲ್ಲ ತಂತಿ, ಹಗ್ಗ, ಬಲೆ ಯಾವುದೂ ಹತ್ತಿರದಲ್ಲಿರಬಾರದು. ಕತ್ತರಿಸಿದ ಅಂಚುಗಳನ್ನು ಉಜ್ಜಿ ನಯಗೊಳಿಸಬೇಕು ಮತ್ತು ತೊಟ್ಟಿಯ ತಳದಲ್ಲಿ ನೀರು ಬಸಿಯಲು ಸಣ್ಣ ರಂಧ್ರಗಳಿರಬೇಕು. ಬಲಿಷ್ಠ ಗಂಡುಗಳು ಒಂದೇ ತೊಟ್ಟಿಯನ್ನು ಆಕ್ರಮಿಸಿ ಹೆಣ್ಣು ಮತ್ತು ಮರಿಗಳನ್ನು ದೂರವಿಡುವುದರಿಂದ, ಸಾಕಷ್ಟು ಅಂತರದಲ್ಲಿ ಹಲವು ತೊಟ್ಟಿಗಳನ್ನಿಡುವುದು ಒಳ್ಳೆಯದು.

ಯಂತ್ರಕ್ಕೆ ತಿಳಿಯದ ಅಳತೆ

ಇಷ್ಟೆಲ್ಲ ಸರಿಯಾಗಿ ಮಾಡಿದರೂ ಒಂದು ಕೊರತೆ ಉಳಿಯುತ್ತದೆ: ಫೀಡರು ಕಾಳನ್ನು ಇಳಿಸಬಲ್ಲದೇ ಹೊರತು ಎಷ್ಟು ತಿನ್ನಬೇಕೆಂದು ಅಳೆಯಲಾರದು. ಜಿಂಕೆ ಮೆಲುಕು ಹಾಕುವ ಪ್ರಾಣಿ. ಅದರ ಹೊಟ್ಟೆಯ ಮೊದಲ ಭಾಗವಾದ ರೂಮೆನ್ನಿನಲ್ಲಿ ಕೋಟ್ಯಂತರ ಸೂಕ್ಷ್ಮಜೀವಿಗಳು ಹುಲ್ಲು ಮತ್ತು ಸೊಪ್ಪಿನ ನಾರನ್ನು ನಿಧಾನವಾಗಿ ಕೊಳೆಸಿ ಆಹಾರವಾಗಿ ಮಾಡುತ್ತವೆ. ಒಣಹುಲ್ಲಿಗೆ ಒಗ್ಗಿದ ಹೊಟ್ಟೆಗೆ ಒಮ್ಮೆಲೇ ಹೇರಳವಾದ ಜೋಳ ಬಿದ್ದರೆ ಅದರ ಪಿಷ್ಟ ಬೇಗನೆ ಹುದುಗಿ, ಲ್ಯಾಕ್ಟಿಕ್ ಆಮ್ಲ ಮಿತಿಮೀರಿ, ನಾರು ಕರಗಿಸುವ ಸೂಕ್ಷ್ಮಜೀವಿಗಳು ಸಾಯುತ್ತವೆ ಮತ್ತು ಪ್ರಾಣಿ ಹೊಟ್ಟೆ ತುಂಬಿರುವಾಗಲೇ ಪ್ರಾಣ ಬಿಡಬಹುದು. ಪಶುವೈದ್ಯರು ಇದನ್ನು ಆಮ್ಲಾಧಿಕ್ಯ ಎಂದು ಕರೆಯುತ್ತಾರೆ; ಕಾಳಿನ ಚೀಲಕ್ಕೆ ಬಾಯಿ ಹಾಕಿದ ಆಡು ಉಬ್ಬರಿಸಿ ಸಾಯುವುದನ್ನು ಕಂಡ ರೈತರಿಗೆ ಇದು ಹೊಸ ಸಂಗತಿಯಲ್ಲ. ತೇವ ತಗುಲಿದ ಜೋಳ ಮತ್ತು ಕಡಲೆಹಿಂಡಿಯಲ್ಲಿ ಬೆಳೆಯುವ ಬೂಷ್ಟಿನಿಂದ ಹುಟ್ಟುವ ಅಫ್ಲಾಟಾಕ್ಸಿನ್ ಎಂಬ ವಿಷ ಯಕೃತ್ತನ್ನು ಕೆಡಿಸುತ್ತದೆ ಎಂಬುದೂ ಇಲ್ಲಿ ನೆನಪಿಡತಕ್ಕ ಮಾತು.

ಆದ್ದರಿಂದ ಮೃಗಾಲಯದಂಥ ಆವರಣದಲ್ಲೂ ಈ ಸಾಧನವನ್ನು ಬಳಸುವುದಾದರೆ ಪಶುವೈದ್ಯರು ಗೊತ್ತುಪಡಿಸಿದ ಆ ದಿನದ ಪಾಲನ್ನು ಮಾತ್ರ ತುಂಬಬೇಕು ಮತ್ತು ಹಸಿಹುಲ್ಲು, ಒಣಹುಲ್ಲು, ಸೊಪ್ಪುಗಳೇ ಮುಖ್ಯ ಆಹಾರವಾಗಿರಬೇಕು. ಕೊಯಮತ್ತೂರಿನ ಅನುಭವವೇ ಇದಕ್ಕೆ ಪಾಠ. ನಗರಪಾಲಿಕೆಯ ವ.ಉ.ಚಿ. ಉದ್ಯಾನದ ಮೃಗಾಲಯಕ್ಕೆ ಇದ್ದ ಮಾನ್ಯತೆಯನ್ನು ಕೇಂದ್ರೀಯ ಮೃಗಾಲಯ ಪ್ರಾಧಿಕಾರ 2022ರಲ್ಲಿ ರದ್ದುಪಡಿಸಿತು. ಜಾಗದ ಕೊರತೆ ಅದಕ್ಕೆ ಮುಖ್ಯ ಕಾರಣವಾಗಿತ್ತು. ಅಲ್ಲಿದ್ದ ಚುಕ್ಕೆಜಿಂಕೆಗಳನ್ನು 2024ರಲ್ಲಿ ಸಿರುವಾಣಿ ತಪ್ಪಲಿನ ಕಾಡಿಗೆ ಸಾಗಿಸುವ ಮೊದಲು ಕ್ಷಯರೋಗ ಇಲ್ಲವೆಂದು ಪರೀಕ್ಷಿಸಿ, ಬೂಸಾ ಮತ್ತು ತರಕಾರಿಗಳ ರೂಢಿಯನ್ನು ಬಿಡಿಸಿ, ಕಾಡಿನ ಗಿಡಗಳ ಮೇವಿಗೆ ಒಗ್ಗಿಸಬೇಕಾಯಿತು. ಮನುಷ್ಯ ಸುರಿದ ಮೇವಿಗೆ ಹೊಂದಿಕೊಂಡ ಪ್ರಾಣಿಯನ್ನು ಕಾಡಿಗೆ ಮರಳಿಸುವುದಕ್ಕೆ ಇಷ್ಟು ಸಿದ್ಧತೆ ಬೇಕಾಗುವುದಾದರೆ, ಕಾಡಿನಲ್ಲೇ ಇರುವ ಪ್ರಾಣಿಗೆ ಆ ರೂಢಿಯನ್ನು ಹೊಸದಾಗಿ ಕಲಿಸುವುದರಲ್ಲಿ ಅರ್ಥವಿಲ್ಲ.

ಬಯಲಿನ ಜಿಂಕೆ, ಕಾಡಂಚಿನ ಆನೆ

ಜಿಂಕೆಗಳು ಆನೆಮಲೆಯ ಹುಲಿ ಸಂರಕ್ಷಿತ ಪ್ರದೇಶಕ್ಕಷ್ಟೇ ಸೀಮಿತವಾಗಿಲ್ಲ. ನೊಯ್ಯಲ್ ನದಿಯನ್ನು ಸೇರುವ ಕೌಶಿಕಾ ಹೊಳೆಯ ಪಾತ್ರದಲ್ಲಿ, ತಿರುಪ್ಪೂರಿನ ಹತ್ತಿರದ ಪುದುಪಾಳಯಂ ಸುತ್ತಮುತ್ತ, ಹೊಲ ಮತ್ತು ಊರುಗಳ ನಡುವೆಯೇ ಚುಕ್ಕೆಜಿಂಕೆಗಳ ಹಿಂಡುಗಳು ಬದುಕುತ್ತಿವೆ. ಬೀದಿನಾಯಿ, ರಸ್ತೆಯ ವಾಹನ, ತೆರೆದ ಬಾವಿಗಳು ಇಂಥ ಹಿಂಡುಗಳಿಗೆ ನಿತ್ಯದ ಅಪಾಯ. ಒಂದೇ ಜಾಗದಲ್ಲಿ ದಿನವೂ ಕಾಳು ದೊರೆತರೆ ಹಿಂಡು ಅಲ್ಲೇ ನೆಲೆನಿಲ್ಲುತ್ತದೆ, ಮತ್ತು ಅದು ಎಲ್ಲಿ ಯಾವಾಗ ಸಿಗುತ್ತದೆಂಬುದು ನಾಯಿಗಳಿಗೂ ಕಳ್ಳಬೇಟೆಗಾರರಿಗೂ ತಿಳಿದುಬಿಡುತ್ತದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯು ಬೇಟೆ ಎಂಬುದನ್ನು ವ್ಯಾಖ್ಯಾನಿಸುವಾಗ ಆಮಿಷ ಒಡ್ಡುವುದನ್ನೂ ಅದರೊಳಗೆ ಸೇರಿಸಿದೆ. ಸದುದ್ದೇಶದಿಂದ ಇಟ್ಟ ಕಾಳಿನ ಪೀಪಾಯಿಯೂ ಕಾನೂನಿನ ಕಣ್ಣಿಗೆ ಪ್ರಶ್ನೆಯಾಗಬಲ್ಲದು.

ಕಾಡಿನ ಅಂಚಿನಲ್ಲಾದರೆ ಪೀಪಾಯಿಗೆ ಜಿಂಕೆಗಿಂತ ಮೊದಲು ಬರುವುದು ಕಾಡುಹಂದಿ ಮತ್ತು ಆನೆ. ತಡಾಗಂ, ಮರುದಮಲೈ, ತೊಂಡಾಮುತ್ತೂರು ಕಡೆಯ ಊರುಗಳಲ್ಲಿ ಆನೆಗಳು ದನಗಳಿಗಾಗಿ ಇಟ್ಟ ತೌಡು, ಹಿಂಡಿ ಮತ್ತು ಮನೆಯೊಳಗಿನ ಅಕ್ಕಿಯ ವಾಸನೆ ಹಿಡಿದು ಬಾಗಿಲು ಗೋಡೆಗಳನ್ನು ಕೆಡವಿರುವ ಪ್ರಸಂಗಗಳು ಪದೇ ಪದೇ ವರದಿಯಾಗಿವೆ. ಅಂಥ ನೆಲದಲ್ಲಿ ನೂರಾರು ಕಿಲೋ ಜೋಳವನ್ನು ಬಯಲಿನಲ್ಲಿಡುವುದು ಜಿಂಕೆಗೆ ಮಾಡುವ ಉಪಕಾರವಾಗುವುದಿಲ್ಲ, ನೆರೆಯವರ ಮನೆಗೆ ತರುವ ಗಂಡಾಂತರವಾಗುತ್ತದೆ.

ಮೇವಿನ ತೊಟ್ಟಿಗಳು ಹೆಚ್ಚು ಬಳಕೆಯಲ್ಲಿರುವ ಅಮೆರಿಕದಲ್ಲೂ ಈ ಪದ್ಧತಿ ಮರುಚಿಂತನೆಗೆ ಒಳಗಾಗಿದೆ. ಮೂತಿಗೆ ಮೂತಿ ತಾಗಿಸಿ ತಿನ್ನುವಾಗ ಜೊಲ್ಲಿನ ಮೂಲಕ ರೋಗ ಹರಡುವುದರಿಂದ, ಜಿಂಕೆಗಳಲ್ಲಿ ದನದ ಕ್ಷಯ ಕಾಣಿಸಿಕೊಂಡ ಮಿಷಿಗನ್ ರಾಜ್ಯ 2019ರಲ್ಲಿ ತನ್ನ ಕೆಳಗಿನ ಪರ್ಯಾಯದ್ವೀಪದಲ್ಲಿ ಜಿಂಕೆಗಳಿಗೆ ಮೇವು ಒಡ್ಡುವುದನ್ನು ನಿಷೇಧಿಸಿತು. ಮಿದುಳನ್ನು ಕ್ಷಯಿಸುವ, ಮದ್ದಿಲ್ಲದ ಇನ್ನೊಂದು ಜಿಂಕೆರೋಗದ ಭಯವೂ ಆ ನಿಷೇಧಕ್ಕೆ ಕಾರಣವಾಗಿತ್ತು; ಅದೇ ಭಯದಿಂದ ಬೇರೆ ಹಲವು ರಾಜ್ಯಗಳಲ್ಲೂ ನಿರ್ಬಂಧಗಳಿವೆ. ದನ, ಕುರಿ ಮತ್ತು ಜಿಂಕೆಗಳು ಒಂದೇ ಬಯಲನ್ನು ಹಂಚಿಕೊಂಡಿರುವ ಕೊಂಗುನಾಡಿನಲ್ಲಿ ಕಾಲುಬಾಯಿ ಜ್ವರದಂಥ ಸೋಂಕುಗಳು ಎರಡೂ ಕಡೆಗೆ ದಾಟುವ ಸಾಧ್ಯತೆ ಇನ್ನೂ ಹೆಚ್ಚು.

ಗುರುತ್ವವೇ ಬಡಿಸುವ ಊಟ

ಕಾಡಿನಲ್ಲಿ ಜಿಂಕೆಗೆ ಮೇಲಿನಿಂದ ಮೇವು ಬೀಳುವ ವ್ಯವಸ್ಥೆ ಮೊದಲಿನಿಂದಲೂ ಇದೆ. ಮುಸುವಗಳು ಮರದ ಮೇಲೆ ಕುಳಿತು ಅರೆಬರೆ ತಿಂದು ಕೆಡಹುವ ಚಿಗುರು, ಹೂವು, ಹಣ್ಣುಗಳನ್ನು ಚುಕ್ಕೆಜಿಂಕೆಗಳು ಕೆಳಗೆ ನಿಂತು ಆಯ್ದು ತಿನ್ನುತ್ತವೆ ಮತ್ತು ಹುಲಿ ಚಿರತೆಗಳನ್ನು ಮೇಲಿನಿಂದ ಕಂಡ ಮುಸುವನ ಕೂಗು ಅವುಗಳಿಗೆ ಎಚ್ಚರಿಕೆಯೂ ಆಗುತ್ತದೆ. ಉದುರಿದ ಬೆಟ್ಟದ ನೆಲ್ಲಿಯನ್ನು ನುಂಗಿದ ಜಿಂಕೆ ಮೆಲುಕು ಹಾಕುವಾಗ ಬೀಜವನ್ನು ಬೇರೆಡೆ ಉಗುಳಿ ಮುಂದಿನ ಮರಕ್ಕೆ ದಾರಿ ಮಾಡಿಕೊಡುತ್ತದೆ. ಇಲ್ಲಿ ಮೇವು ಚದುರಿ ಬೀಳುವುದರಿಂದ ಹಿಂಡು ಒಂದೆಡೆ ಒತ್ತೊತ್ತಾಗಿ ನಿಲ್ಲುವುದಿಲ್ಲ ಮತ್ತು ಋತುವಿಗೆ ತಕ್ಕಂತೆ ಮೇವೂ ಬದಲಾಗುವುದರಿಂದ ಜಿಂಕೆಯ ಹೊಟ್ಟೆಗೆ ಹೊಂದಿಕೊಳ್ಳಲು ಕಾಲ ಸಿಗುತ್ತದೆ.

ಊರಿನ ಮಗ್ಗುಲಲ್ಲಿ ಈ ವ್ಯವಸ್ಥೆಗೆ ಹತ್ತಿರವಾದದ್ದು ತಿರುಪ್ಪೂರು ಜಿಲ್ಲೆಯ ಕಾಂಗೇಯಂ, ಧಾರಾಪುರಂ, ವೆಳ್ಳಕೋವಿಲ್ ಸೀಮೆಯ ಕೊರಂಗಾಡು. ಕಾಂಗೇಯಂ ತಳಿಯ ದನಗಳನ್ನು ತಲೆಮಾರುಗಳಿಂದ ಪೋಷಿಸಿದ ಈ ಖಾಸಗಿ ಹುಲ್ಲುಗಾವಲುಗಳಲ್ಲಿ ಸುತ್ತ ಮುಳ್ಳಿನ ಕಿಳುವೈ ಗಿಡದ ಜೀವಂತ ಬೇಲಿ, ನಡುವೆ ತಮಿಳಿನಲ್ಲಿ ವೆಳ್ವೇಲಂ ಎನ್ನುವ ಬಿಳಿಜಾಲಿಯ ಮರಗಳು, ನೆಲದಲ್ಲಿ ಬರ ತಡೆಯುವ ಕೊಳುಕ್ಕಟ್ಟೈ ಹುಲ್ಲು ಮತ್ತು ದ್ವಿದಳ ಸಸ್ಯಗಳಿರುತ್ತವೆ. ಹುಲ್ಲು ತೀರಿದ ಕಾಲದಲ್ಲಿ ಜಾಲಿಯ ಕಾಯಿಗಳು ಉದುರಿ ಮೇವಾಗುತ್ತವೆ. ಹಳ್ಳದ ದಂಡೆ, ಪೊರಂಬೋಕು ಎನ್ನುವ ಸರ್ಕಾರಿ ಜಾಗ, ಬೀಳು ಭೂಮಿಗಳಲ್ಲಿ ಹೊರಗಿನಿಂದ ಬಂದು ಹಬ್ಬಿದ ಬಳ್ಳಾರಿ ಜಾಲಿಯನ್ನು ಅರಣ್ಯ ಇಲಾಖೆಯ ಮಾರ್ಗದರ್ಶನದಲ್ಲಿ ತೆಗೆದು, ಈ ನೆಲದ್ದೇ ಆದ ಹುಲ್ಲು ಮತ್ತು ಮರಗಳನ್ನು ಮರಳಿ ಬೆಳೆಸಿದರೆ ಜಿಂಕೆಗೂ ದನಕ್ಕೂ ಸ್ಥಿರವಾದ ಮೇವು ದೊರೆಯುತ್ತದೆ.

ಗುರುತ್ವದ ತತ್ತ್ವವನ್ನು ಜಿಂಕೆಗಾಗಿ ಬಳಸಲೇಬೇಕೆಂಬವರಿಗೆ ನೀರು ಹೆಚ್ಚು ಯೋಗ್ಯವಾದ ಕ್ಷೇತ್ರ. ಎತ್ತರದಲ್ಲಿಟ್ಟ ಸಿಂಟೆಕ್ಸ್ ಟ್ಯಾಂಕಿನಿಂದ ಕೊಳವೆಯಲ್ಲಿ ಇಳಿದ ನೀರು ಫ್ಲೋಟ್ ವಾಲ್ವಿನ ಮೂಲಕ ತೊಟ್ಟಿಯನ್ನು ತುಂಬಿ ತಾನೇ ನಿಲ್ಲುತ್ತದೆ. ಮರಿ ಬಿದ್ದರೆ ಹತ್ತಿಬರುವಂತೆ ತೊಟ್ಟಿಯ ಒಂದು ಬದಿ ಇಳಿಜಾರಾಗಿರಬೇಕು, ಪಾಚಿ ಕಟ್ಟದಂತೆ ಆಗಾಗ ಬಳಿದು ತೊಳೆಯಬೇಕು. ಬೇಸಿಗೆಯಲ್ಲಿ ಅರಣ್ಯ ಇಲಾಖೆಯೇ ಕಾಡಿನ ತೊಟ್ಟಿಗಳನ್ನು ಟ್ಯಾಂಕರಿನಿಂದಲೂ ಸೌರಪಂಪಿನಿಂದಲೂ ತುಂಬಿಸುತ್ತದೆ. ರೈತರು ಮತ್ತು ಸಂಘಸಂಸ್ಥೆಗಳು ತಮ್ಮ ನೆರವನ್ನು ವಲಯ ಅರಣ್ಯಾಧಿಕಾರಿಗಳ ಒಪ್ಪಿಗೆಯೊಡನೆ ಅದಕ್ಕೆ ಜೋಡಿಸಬಹುದು.

ಮೇವಿನ ಫೀಡರು ಕೋಳಿಮನೆಗೆ, ಕೊಟ್ಟಿಗೆಗೆ ಮತ್ತು ಪಶುವೈದ್ಯರ ಕಣ್ಗಾವಲಿನ ಆವರಣಕ್ಕೆ ತಕ್ಕ ಸಾಧನ. ಸ್ವತಂತ್ರವಾಗಿ ತಿರುಗುವ ಜಿಂಕೆಗೆ ಅದು ತಕ್ಕದ್ದಲ್ಲ. ಕೊಂಗುನಾಡಿನವರಾಗಲಿ, ಬಂಡೀಪುರದ ಹೆದ್ದಾರಿಯಲ್ಲಿ ಕಾರು ನಿಲ್ಲಿಸಿ ಜಿಂಕೆಗೆ ಬಿಸ್ಕತ್ತು ಚಾಚುವ ಕನ್ನಡ ನಾಡಿನ ಪ್ರವಾಸಿಗರಾಗಲಿ, ಜಿಂಕೆಯ ಮೇಲಿನ ಅಕ್ಕರೆಯನ್ನು ಕಾಳಿನ ಪೀಪಾಯಿಯ ಬದಲು ಹುಲ್ಲಿನ ಬೀಜಕ್ಕೆ, ನೀರಿನ ತೊಟ್ಟಿಗೆ ಮತ್ತು ತೆರೆದ ಬಾವಿಗಳ ಸುತ್ತ ಕಟ್ಟುವ ತಡೆಗೋಡೆಗೆ ವಿನಿಯೋಗಿಸಬೇಕು.