ಯಂತ್ರದೊಳಗೊಂದು ಯಂತ್ರ

ಮನೆಯ ಹಿರಿಯರೊಬ್ಬರು ಇಪ್ಪತ್ತು ವರ್ಷಗಳ ಹಿಂದೆ, ವಿಂಡೋಸ್ ಇದ್ದ ಕಂಪ್ಯೂಟರಿನ ಮುಂದೆ ಕುಳಿತು, 'ನುಡಿ' ತಂತ್ರಾಂಶದಲ್ಲಿ ಮನೆತನದ ಚರಿತ್ರೆಯನ್ನು ಬೆರಳಚ್ಚು ಮಾಡಿಟ್ಟಿದ್ದರೆಂದು ಭಾವಿಸಿರಿ. ಆ ಯಂತ್ರ ಎಂದೋ ಗುಜರಿಗೆ ಹೋಯಿತು. ಕಡತ ಮಾತ್ರ ಉಳಿದಿದೆ. ಈಗ ನಿಮ್ಮ ಮೇಜಿನ ಮೇಲಿರುವುದು ಲಿನಕ್ಸ್ ಯಂತ್ರ. ಅದರಲ್ಲಿ ಕಡತವನ್ನು ತೆರೆದರೆ ಕನ್ನಡದ ಬದಲು ಇಂಗ್ಲಿಷ್ ಅಕ್ಷರಗಳೂ ಚಿಹ್ನೆಗಳೂ ಕಲಸಿಹೋದಂತೆ ಕಾಣುತ್ತವೆ. ಗಾಬರಿಯಾಗಬೇಡಿರಿ, ಕಡತ ಕೆಟ್ಟಿಲ್ಲ. ಆಗಿನ ತಂತ್ರಾಂಶಗಳು ಇಂಗ್ಲಿಷ್ ಅಕ್ಷರಗಳ ಸಂಕೇತಗಳನ್ನೇ ಎರವಲು ಪಡೆದು, ಅವುಗಳ ಮೇಲೆ ಕನ್ನಡದ ರೂಪಗಳನ್ನು ಕೂರಿಸುತ್ತಿದ್ದವು. ಅದೇ ಫಾಂಟನ್ನು ಲಿನಕ್ಸಿಗೆ ಹಾಕಿಕೊಂಡರೆ ಓದಲೇನೋ ಬಂದೀತು. ಆದರೆ ಅದೇ ಪದ್ಧತಿಯಲ್ಲಿ ತಿದ್ದಿ ಸೇರಿಸಬೇಕೆಂದರೆ ಹಳೆಯ ತಂತ್ರಾಂಶವೇ ಬೇಕು. ಅದು ವಿಂಡೋಸಿಗಾಗಿ ರಚಿತವಾದದ್ದು.

ಹಾಗಾದರೆ ಇನ್ನೊಂದು ಕಂಪ್ಯೂಟರನ್ನು ಕೊಳ್ಳಬೇಕೆ? ಬೇಕಿಲ್ಲ. ಲಿನಕ್ಸಿನ ಒಳಗೇ ಒಂದು ಕಲ್ಪಿತ ಯಂತ್ರವನ್ನು ನಿರ್ಮಿಸಿ, ಅದರಲ್ಲಿ ವಿಂಡೋಸನ್ನು ನೆಲೆಗೊಳಿಸಬಹುದು.

ರೇಡಿಯೋ ನಾಟಕಗಳನ್ನು ಕೇಳಿದವರಿಗೆ ಇದರ ತತ್ತ್ವ ತೀರ ಹೊಸದಲ್ಲ. ಮಳೆ ಸುರಿಯುತ್ತದೆ, ಬಾಗಿಲು ಕಿರುಗುಟ್ಟುತ್ತದೆ, ಕುದುರೆ ಓಡುತ್ತದೆ. ಸ್ಟುಡಿಯೋದೊಳಗೆ ಮಳೆಯೂ ಇಲ್ಲ, ಕುದುರೆಯೂ ಇಲ್ಲ; ಕಿವಿಗೆ ಬೇಕಾದಷ್ಟನ್ನು ಒದಗಿಸಿದರಾಯಿತು. ಅತಿಥಿಯಾಗಿ ಬಂದ ವಿಂಡೋಸಿಗೂ ಹಾಗೆಯೇ. ಡಿಸ್ಕು ಎಲ್ಲಿ, ಪರದೆ ಎಲ್ಲಿ ಎಂದು ಅದು ಕೇಳಿದಾಗ ತಕ್ಕ ಉತ್ತರ ದೊರೆತರೆ, ಇಡೀ ಯಂತ್ರಕ್ಕೆ ತಾನೇ ಯಜಮಾನನೆಂದು ನಂಬಿ ಕೆಲಸ ನಡೆಸುತ್ತದೆ. ಅದು ಡಿಸ್ಕೆಂದು ತಿಳಿದಿರುವುದು ನಿಜವಾಗಿ ಲಿನಕ್ಸಿನಲ್ಲಿರುವ ಒಂದು ದೊಡ್ಡ ಕಡತ, ಅಷ್ಟೆ.

ಈ ಉಪಾಯ ನಿನ್ನೆ ಮೊನ್ನೆಯದಲ್ಲ. ಅಮೆರಿಕದ ಕೇಂಬ್ರಿಡ್ಜಿನಲ್ಲಿ ಐಬಿಎಂ ಸಂಸ್ಥೆಯವರು 1964ರಲ್ಲಿ ಆರಂಭಿಸಿ 1967ರಲ್ಲಿ ಬಳಕೆಗೆ ತಂದ ಸಿಪಿ-40 ಎಂಬ ವ್ಯವಸ್ಥೆಯು ಒಂದೇ ಯಂತ್ರವನ್ನು ಹದಿನಾಲ್ಕು ಕಲ್ಪಿತ ಯಂತ್ರಗಳಾಗಿ ಹಂಚುತ್ತಿತ್ತು. ಕೋಣೆ ತುಂಬುವ ಆ ಯಂತ್ರಗಳ ವಿದ್ಯೆ ಮನೆಯ ಕಂಪ್ಯೂಟರಿಗೆ ಸುಲಭವಾಗಿ ಇಳಿಯಲಿಲ್ಲ. ಅದಕ್ಕೆ ಕಾರಣ ಸ್ವಾರಸ್ಯವಾಗಿದೆ.

ಕೂಡು, ಕಳೆ, ಹೋಲಿಸು ಎಂಬಂಥ ಸಾಮಾನ್ಯ ಆಜ್ಞೆಗಳನ್ನು ಅತಿಥಿಯು ನೇರವಾಗಿ ನಿಜವಾದ ಪ್ರೊಸೆಸರಿನ ಮೇಲೆಯೇ ನಡೆಸುತ್ತದೆ. ಆದ್ದರಿಂದಲೇ ಅದು ಆಮೆಯ ನಡಿಗೆಯಾಗುವುದಿಲ್ಲ. ಆದರೆ ಯಜಮಾನನಿಗೆ ಮಾತ್ರ ಸಲ್ಲುವ ಆಜ್ಞೆಗಳೂ ಕೆಲವಿವೆ. ಅತಿಥಿಯು ಅವುಗಳಿಗೆ ಕೈಹಾಕಿದೊಡನೆ ಪ್ರೊಸೆಸರು ತಡೆದು, ಅಧಿಕಾರವನ್ನು ಆತಿಥೇಯನಿಗೆ ಒಪ್ಪಿಸಬೇಕು. ಹಳೆಯ ಇಂಟೆಲ್ ಮಾದರಿಯ ಪ್ರೊಸೆಸರುಗಳಲ್ಲಿ ಅಂಥ ಕೆಲವು ಆಜ್ಞೆಗಳು ತಡೆಯಿಲ್ಲದೆ ಸದ್ದಿಲ್ಲದೆ ಸಾಗಿ, ಅತಿಥಿಗೆ ತಪ್ಪು ಫಲವನ್ನು ಕೊಡುತ್ತಿದ್ದವು. 1999ರಲ್ಲಿ ವಿಎಂವೇರ್ ಸಂಸ್ಥೆಯವರು ಅಂಥ ಆಜ್ಞೆಗಳನ್ನು ನಡೆಯುತ್ತಿರುವಾಗಲೇ ಬೇರೆ ಆಜ್ಞೆಗಳಾಗಿ ತಿದ್ದಿ ಬರೆಯುವ ತಂತ್ರದಿಂದ ಈ ತೊಡಕನ್ನು ದಾಟಿದರು. ನನಗೆ ಇಂದಿಗೂ ಬೆರಗೆನಿಸುವ ಕೆಲಸ ಅದು. ಅನಂತರ 2005ರಲ್ಲಿ ಇಂಟೆಲ್, 2006ರಲ್ಲಿ ಎಎಂಡಿ ತಮ್ಮ ಪ್ರೊಸೆಸರುಗಳಲ್ಲಿಯೇ ಇದಕ್ಕೆ ಏರ್ಪಾಡು ಮಾಡಿದುವು. ಅದನ್ನು ಬಳಸಿಕೊಳ್ಳುವ ಕೆವಿಎಂ ಎಂಬ ಭಾಗವು 2007ರ ಫೆಬ್ರವರಿಯಲ್ಲಿ ಲಿನಕ್ಸಿನ ಒಳತಿರುಳಿಗೆ ಸೇರಿತು. ಡಿಸ್ಕು, ಪರದೆಗಳ ವೇಷ ಕಟ್ಟುವ ಕೆಲಸವನ್ನು ಫ್ರಾನ್ಸಿನ ಫ್ಯಾಬ್ರಿಸ್ ಬೆಲ್ಲಾರ್ಡ್ ಆರಂಭಿಸಿದ ಕ್ಯೂಇಎಂಯು ವಹಿಸಿಕೊಂಡಿದೆ. ಇವೆರಡನ್ನೂ ಕಿಟಕಿಯೊಂದರಲ್ಲಿ ನಿಮ್ಮ ಕೈಗೆ ಕೊಡುವುದು ವರ್ಟ್-ಮ್ಯಾನೇಜರ್.

ಮೊದಲು ನಿಮ್ಮ ಯಂತ್ರದಲ್ಲಿ ಆ ಏರ್ಪಾಡು ಇದೆಯೇ ಎಂದು ನೋಡಿಕೊಳ್ಳಿರಿ. 'ಎಲ್‌ಎಸ್‌ಸಿಪಿಯು' ಎಂಬ ಆಜ್ಞೆ ಕೊಟ್ಟರೆ ಬರುವ ವಿವರದಲ್ಲಿ ವಿಟಿ-ಎಕ್ಸ್ ಅಥವಾ ಎಎಂಡಿ-ವಿ ಎಂಬ ಹೆಸರು ಕಾಣಬೇಕು. ಕಾಣದಿದ್ದರೆ ನಿರಾಶರಾಗಬೇಡಿರಿ, ಕೆಲವೊಮ್ಮೆ ಅದು ಬಯಾಸಿನಲ್ಲಿ ಆರಿಸಿಟ್ಟಿರುತ್ತದೆ, ಅಲ್ಲಿ ಹಚ್ಚಬೇಕು. ಎಂಟು ಗಿಗಾಬೈಟ್ ಮೆಮೊರಿಯಿದ್ದರೆ ಅತಿಥಿಗೆ ನಾಲ್ಕು ಕೊಡಿರಿ, ಅದಕ್ಕಿಂತ ಹೆಚ್ಚು ಬೇಡ. ಮನೆಯವರನ್ನು ಹಸಿವಿನಲ್ಲಿಟ್ಟು ನೆಂಟನಿಗೆ ಔತಣ ಮಾಡಿದರೆ ಇಬ್ಬರೂ ಸುಸ್ತಾಗುತ್ತಾರೆ. ಡಿಸ್ಕಿಗೆ ಅರುವತ್ತು ಗಿಗಾಬೈಟ್ ಎಂದು ಬರೆದರೂ ಸಾಮಾನ್ಯವಾಗಿ ಬಳಸುವ ಕ್ಯೂಕೌ2 ಮಾದರಿಯ ಕಡತ ಚಿಕ್ಕದಾಗಿ ಹುಟ್ಟಿ, ತುಂಬಿದಂತೆಲ್ಲ ಬೆಳೆಯುತ್ತದೆ.

ಇನ್ನೊಂದು ಮಾತು. ಕಲ್ಪಿತ ಯಂತ್ರವಾದರೂ ವಿಂಡೋಸಿನ ಪರವಾನಗಿ ನಿಜವಾದದ್ದೇ ಇರಬೇಕು. ಹಳೆಯ ನುಡಿಗೆ ಹಳೆಯ ವಿಂಡೋಸ್ ಒಗ್ಗುತ್ತದೆಂಬುದು ದಿಟ. ಆದರೆ ವಿಂಡೋಸ್ 7ಕ್ಕೆ ತಯಾರಕರ ಸಾಮಾನ್ಯ ಬೆಂಬಲ 2020ರ ಜನವರಿ 14ಕ್ಕೆ ಮುಗಿಯಿತು, ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ಕ್ಕೆ. ಅಂಥದ್ದನ್ನು ಅಂತರಜಾಲಕ್ಕೆ ಬಿಡುವುದು ಕ್ಷೇಮವಲ್ಲ. ಇಲ್ಲಿ ಕಲ್ಪಿತ ಯಂತ್ರದ ಗುಣ ಬೆಳಕಿಗೆ ಬರುತ್ತದೆ: ಅದರ ಜಾಲದ ಕಾರ್ಡನ್ನೇ ಪಟ್ಟಿಯಿಂದ ತೆಗೆದುಹಾಕಿದರಾಯಿತು, ದಾರಿಯೇ ಇರುವುದಿಲ್ಲ. ಕಡತವನ್ನು ಪೆನ್‌ಡ್ರೈವಿನಲ್ಲಿಟ್ಟು, ಆ ಪೆನ್‌ಡ್ರೈವನ್ನು ಅತಿಥಿಗೆ ಒಪ್ಪಿಸುವ ಸೌಲಭ್ಯ ವರ್ಟ್-ಮ್ಯಾನೇಜರಿನಲ್ಲಿದೆ. ಯಂತ್ರದ ಒಂದು ಕ್ಷಣದ ಸ್ಥಿತಿಯನ್ನು ಹಿಡಿದಿಟ್ಟು, ಏನಾದರೂ ಕೆಟ್ಟರೆ ಅಲ್ಲಿಗೇ ಮರಳಬಹುದು. ಇದನ್ನೇ ನಕಲು ಪ್ರತಿಯೆಂದು ನಂಬಿ ಕೂರಬೇಡಿರಿ. ನಿಮ್ಮ ಡಿಸ್ಕೇ ಕೆಟ್ಟರೆ ಆ ಸ್ಥಿತಿಯೂ ಅದರೊಡನೆ ಹೋಗುತ್ತದೆ.

ಬರೆಹವನ್ನು ಯೂನಿಕೋಡಿಗೆ ಪರಿವರ್ತಿಸುವ ಸಾಧನಗಳಿವೆ. ಆದರೆ ಪರಿವರ್ತನೆ ಮುಗಿದೊಡನೆ ಅತಿಥಿಯನ್ನು ಕಳುಹಿಸಬೇಡಿರಿ. ಹಳೆಯ ಪದ್ಧತಿಯಲ್ಲಿ ಅರ್ಕಾವೊತ್ತನ್ನು ಅಕ್ಷರದ ನಂತರ ದಾಖಲಿಸುತ್ತಿದ್ದರು. ಯೂನಿಕೋಡಿನಲ್ಲಿ ರಕಾರ ಮೊದಲು ಬರುತ್ತದೆ. ಈ ಅದಲುಬದಲಿನಲ್ಲಿ 'ಸೂರ್ಯ', 'ಧರ್ಮ' ಎಂಬಂಥ ಮಾತುಗಳು ಎಡವುವ ಸಂಭವವುಂಟು. ಒಂದು ಕಿಟಕಿಯಲ್ಲಿ ಹಿರಿಯರ ಮೂಲ, ಇನ್ನೊಂದರಲ್ಲಿ ಹೊಸ ಪ್ರತಿ ಇಟ್ಟುಕೊಂಡು, ಮನೆಯವರಲ್ಲೊಬ್ಬರು ಗಟ್ಟಿಯಾಗಿ ಓದುತ್ತಿರಲಿ, ಇನ್ನೊಬ್ಬರು ತಾಳೆ ನೋಡುತ್ತ ಹೋಗಲಿ.