ಗಾಜಿನ ತೊಟ್ಟಿಯ ಫೈಟರ್ ಮೀನು: ತುಮಕೂರು ಸೀಮೆಯಲ್ಲಿ ನಂಬಿಕೆ ಮತ್ತು ಪಾಲನೆ

ತುಮಕೂರು ಸೀಮೆಯ ಜನಜೀವನದಲ್ಲಿ ಮೀನು ಕೆರೆಗೆ ಸೇರಿದ ಜೀವಿ. ತುಮಕೂರಿನ ಅಮಾನಿಕೆರೆ, ಗುಬ್ಬಿ ತಾಲ್ಲೂಕಿನ ಕಡಬದ ಕೆರೆ, ಜನಪದ ಗೀತೆಯ ಮೂಲಕ ನಾಡಿಗೆಲ್ಲ ಪರಿಚಿತವಾದ ಕುಣಿಗಲ್ಲಿನ ದೊಡ್ಡಕೆರೆ ಮುಂತಾದವುಗಳ ದಡದಲ್ಲಿಯೇ ಮೀನನ್ನು ಕುರಿತ ಇಲ್ಲಿನ ತಿಳಿವಳಿಕೆ ರೂಪುಗೊಂಡಿದೆ. ಮೀನಿಗೆ ಆಹಾರವಿತ್ತು ಪೋಷಿಸುವ ವಿನೋದವೂ ಕನ್ನಡ ನಾಡಿಗೆ ಹೊಸದಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ ಹನ್ನೆರಡನೆಯ ಶತಮಾನದ ‘ಮಾನಸೋಲ್ಲಾಸ’ದಲ್ಲಿ ಮತ್ಸ್ಯವಿನೋದಕ್ಕೆ ಪ್ರತ್ಯೇಕ ಭಾಗವೇ ಇದೆ. ಆದರೆ ಪಡಸಾಲೆಯ ಗಾಜಿನ ತೊಟ್ಟಿ ಈಚಿನದು. ಅದರೊಳಗಿನ ಉದ್ದ ಈಜುರೆಕ್ಕೆಯ ಬೆಟ್ಟಾ, ಅಂಗಡಿಗಳ ಮಾತಿನಲ್ಲಿ ‘ಫೈಟರ್’, ಪರದೇಶದಿಂದ ಬಂದದ್ದು. ಹೀಗಿದ್ದೂ ಅದನ್ನು ಸಾಕುವ ಕ್ರಮದಲ್ಲಿ ಹಳೆಯ ನಂಬಿಕೆಗಳು ಕೆಲಸಮಾಡುತ್ತಿರುವುದು ಗಮನಾರ್ಹ.

ಈ ಮೀನಿನ ಮೂಲ ನೆಲೆ ಥಾಯ್ಲೆಂಡಿನ ಬತ್ತದ ಗದ್ದೆಗಳು ಹಾಗೂ ಜೌಗುಪ್ರದೇಶಗಳು. ಅಲ್ಲಿನ ಭಾಷೆಯಲ್ಲಿ ಇದರ ಹೆಸರು ‘ಪ್ಲಾ ಕಾಟ್’, ಎಂದರೆ ಕಚ್ಚುವ ಮೀನು. 1910ರಲ್ಲಿ ರೇಗನ್ ಎಂಬ ವಿಜ್ಞಾನಿ ಇದಕ್ಕೆ ‘ಬೆಟ್ಟಾ ಸ್ಪ್ಲೆಂಡೆನ್ಸ್’ ಎಂಬ ಹೆಸರಿತ್ತನು. 2019ರಲ್ಲಿ ಥಾಯ್ಲೆಂಡ್ ಇದನ್ನು ರಾಷ್ಟ್ರೀಯ ಜಲಚರವೆಂದು ಘೋಷಿಸಿತು. ಕಾಡುಮೀನಿನ ರೆಕ್ಕೆಗಳು ಗಿಡ್ಡ. ಸೆರಗಿನಂತೆ ಇಳಿಬಿದ್ದ ರೆಕ್ಕೆಗಳು ಮನುಷ್ಯನು ತಲೆಮಾರುಗಳ ಕಾಲ ಆಯ್ದು ಬೆಳೆಸಿದ ಫಲ. ಆ ಸೌಂದರ್ಯದ ಭಾರವನ್ನು ಹೊತ್ತು ಈಜಬೇಕಾದದ್ದು ಮೀನು.

ಫೈಟರ್ ಮೀನಿಗೆ ಬಾಟಲಿಯಷ್ಟು ನೀರು ಸಾಕೆಂಬ ಮಾತು ಎಲ್ಲೆಡೆ ಕೇಳಿಬರುತ್ತದೆ. ಇದಕ್ಕೆ ಆಧಾರವಿಲ್ಲದೆ ಇಲ್ಲ. ಕಿವಿರುಗಳ ಜೊತೆಗೆ ಲ್ಯಾಬಿರಿಂತ್ ಎಂಬ ಅಂಗವೂ ಇರುವುದರಿಂದ ಬೆಟ್ಟಾ ನೀರಿನ ಮೇಲಕ್ಕೆ ಬಂದು ನೇರವಾಗಿ ಗಾಳಿಯನ್ನು ಹೀರಬಲ್ಲದು. ಕೆರೆ ಬತ್ತುವ ಬೇಸಗೆಯಲ್ಲಿ ಕೊರವ ಮೀನು, ಚೇಳುಮೀನುಗಳು ಕೆಸರಿನ ನಡುವೆ ಗಾಳಿ ಗುಟುಕರಿಸುತ್ತ ಉಳಿಯುವುದನ್ನು ಕಂಡ ಬಯಲುಸೀಮೆಯವರಿಗೆ ಈ ಮಾತು ಸಹಜವಾಗಿಯೇ ತೋರುತ್ತದೆ. ಆದರೆ ಕೊರವ ಕೆಸರಿನಲ್ಲಿ ಉಳಿಯುವುದು ಮುಂದಿನ ಮಳೆಯವರೆಗೆ ಮಾತ್ರ. ಬಾಟಲಿಯ ಮೀನಿಗೆ ಮಳೆಗಾಲವೆಂಬುದೇ ಇಲ್ಲ. ಗದ್ದೆಯ ನೀರು ಆಳದಲ್ಲಿ ಕಡಮೆಯಾದರೂ ಹರವಿನಲ್ಲಿ ದೊಡ್ಡದು.

ಎರಡನೆಯ ನಂಬಿಕೆ ಇನ್ನೂ ಆಳವಾದುದು. ಸಾಕಿದ ಮೀನು ಸತ್ತರೆ, ಮನೆಗೆ ಬರಲಿದ್ದ ಕಂಟಕವನ್ನು ಅದು ತಾನೇ ಹೊತ್ತು ಹೋಯಿತೆನ್ನುತ್ತಾರೆ. ವಾಸ್ತುವಿನ ಹೆಸರಿನಲ್ಲಿ ಹರಡಿದ ಈ ಮಾತಿನ ಬೇರು ದೃಷ್ಟಿ ನಿವಾಳಿಸುವ ಪದ್ಧತಿಯಲ್ಲಿದೆ ಎನ್ನಬಹುದು. ಬಾಗಿಲಿಗೆ ಕಟ್ಟಿದ ಬೂದುಗುಂಬಳ ಕೊಳೆತರೆ, ನಿಂಬೆಹಣ್ಣು ಕಪ್ಪಾದರೆ, ಅದು ಕೆಡುಕನ್ನು ಹೀರಿಕೊಂಡಿತೆಂದು ತೆಗೆದು ಬೇರೊಂದನ್ನು ಕಟ್ಟುತ್ತಾರೆ. ಮೀನಿಗೂ ಇದೇ ನ್ಯಾಯ ಅನ್ವಯವಾಗಿದೆ. ಮನೆಮಂದಿಯ ದುಃಖವನ್ನು, ಅದರಲ್ಲೂ ಮಕ್ಕಳ ದುಃಖವನ್ನು, ಇದು ಶಮನಗೊಳಿಸುತ್ತದೆಂಬುದು ನಿಜ. ಅದೇ ವೇಳೆಗೆ ಮೀನು ಏಕೆ ಸತ್ತಿತೆಂಬ ಪ್ರಶ್ನೆಯೂ ಅಲ್ಲಿಗೆ ಮುಗಿಯುತ್ತದೆ. ಅದೇ ನೀರಿಗೆ ಮತ್ತೊಂದು ಮೀನು ಬರುತ್ತದೆ, ಅದೂ ಅದೇ ಕಾರಣದಿಂದ ಸಾಯುತ್ತದೆ.

ಆ ಕಾರಣ ಬಹುಮಟ್ಟಿಗೆ ನೀರಿನಲ್ಲಿಯೇ ಇರುತ್ತದೆ. ಮೀನಿನ ಮಲದಿಂದಲೂ ಉಳಿದ ಆಹಾರದಿಂದಲೂ ಅಮೋನಿಯ ಹುಟ್ಟುತ್ತದೆ. ಒಂದು ಬಗೆಯ ಬ್ಯಾಕ್ಟೀರಿಯಗಳು ಅದನ್ನು ನೈಟ್ರೈಟ್ ಆಗಿಯೂ ಮತ್ತೊಂದು ಬಗೆಯವು ಹೆಚ್ಚು ಅಪಾಯವಿಲ್ಲದ ನೈಟ್ರೇಟ್ ಆಗಿಯೂ ಮಾರ್ಪಡಿಸುತ್ತವೆ. ಹೊಸ ತೊಟ್ಟಿಯಲ್ಲಿ ಇವು ನೆಲೆಗೊಳ್ಳಲು 4ರಿಂದ 6 ವಾರ ಬೇಕು. ವಾರಕ್ಕೊಮ್ಮೆ ನೀರನ್ನೆಲ್ಲ ಚೆಲ್ಲಿ ತೊಟ್ಟಿಯನ್ನು ಉಜ್ಜಿ ತೊಳೆಯುವ ಶುಚಿತ್ವ ಈ ಜೀವಿಗಳನ್ನೇ ತೊಡೆದುಹಾಕುತ್ತದೆ. ಪಾತ್ರೆ ತೊಳೆಯುವ ಒಗ್ಗರಣೆಯ ಮನೆಯ ಶುಚಿತ್ವವೇ ಬೇರೆ, ಇದೇ ಬೇರೆ. ಕನಿಷ್ಠ 15ರಿಂದ 20 ಲೀಟರಿನ ತೊಟ್ಟಿ, ವಾರಕ್ಕೊಮ್ಮೆ ಕಾಲುಭಾಗದಷ್ಟು ನೀರಿನ ಬದಲಾವಣೆ, ಇದು ಯುಕ್ತ ಕ್ರಮ. ನಲ್ಲಿ ನೀರಿನ ಕ್ಲೋರಿನ್ ಹೋಗಲು ಅದನ್ನು ಅಗಲವಾದ ಪಾತ್ರೆಯಲ್ಲಿ ಒಂದು ದಿನ ತೆರೆದಿಡಬೇಕು, ಇಲ್ಲವೆ ಕ್ಲೋರಿನ್ ನಿವಾರಕ ದ್ರಾವಣವನ್ನು ಬೆರೆಸಬೇಕು.

ಉಷ್ಣತೆ 24ರಿಂದ 28 ಡಿಗ್ರಿ ಸೆಲ್ಸಿಯಸ್ ಇರಬೇಕು. ತುಮಕೂರಿನಲ್ಲಿ ಪುಷ್ಯ ಮಾಘಗಳ ರಾತ್ರಿ ಇದಕ್ಕಿಂತ ಬಹಳ ತಂಪು. ಆಗ ಸಣ್ಣ ಹೀಟರ್ ಬೇಕಾಗುತ್ತದೆ. ಬೆಟ್ಟಾ ಜಿಗಿಯುವ ಮೀನಾದುದರಿಂದ ತೊಟ್ಟಿಗೆ ಗಾಳಿಯಾಡುವ ಮುಚ್ಚಳವಿರಬೇಕು. ಉದ್ದ ರೆಕ್ಕೆಯ ಮೀನು ಬಿರುಸಾದ ಹರಿವಿನಲ್ಲಿ ದಣಿಯುತ್ತದೆ. ಸ್ಪಂಜಿನ ಶೋಧಕ ಮೇಲು. ಒರಟಾದ ಪ್ಲಾಸ್ಟಿಕ್ ಗಿಡಗಳು ರೆಕ್ಕೆಯನ್ನು ಹರಿಯುತ್ತವೆ, ಕೊಳಕು ನೀರಿನಲ್ಲಿ ಅದೇ ಗಾಯ ಕೊಳೆಯುತ್ತದೆ. ಊರಿನ ಬೀದಿಬದಿಯ ಕಾಡುಬಾದಾಮಿಯ ಒಣಗಿ ಉದುರಿದ ಎಲೆಯನ್ನು ತೊಳೆದು ಹಾಕಿದರೆ, ನೀರು ಕಂದುಬಣ್ಣಕ್ಕೆ ತಿರುಗಿ ಮೀನಿನ ಮೂಲ ನೆಲೆಯ ನೀರನ್ನು ಹೋಲುತ್ತದೆ.

ಎರಡು ಗಂಡುಗಳನ್ನು ಒಟ್ಟಿಗೆ ಬಿಡಬಾರದು. ಕಾಳಗ ನೋಡಲೆಂದೇ ಬಿಡುವುದು 1960ರ ಪ್ರಾಣಿಹಿಂಸೆ ತಡೆ ಕಾಯಿದೆಗೂ ವಿರುದ್ಧ.

ಆಹಾರದ ವಿಷಯದಲ್ಲಿ ಪುಣ್ಯದ ಕಲ್ಪನೆ ಅಡ್ಡಬರುತ್ತದೆ. ಶೃಂಗೇರಿಯ ತುಂಗೆಯಲ್ಲಿ ಮೀನುಗಳಿಗೆ ಪುರಿ ಎರಚಿ ಬಂದವರು ಮನೆಯ ತೊಟ್ಟಿಗೂ ಪುರಿ, ಅನ್ನದ ಅಗುಳು ಹಾಕುವುದುಂಟು. ಹೊಳೆಯಲ್ಲಿ ಉಳಿದದ್ದು ಹರಿದುಹೋಗುತ್ತದೆ, ತೊಟ್ಟಿಯಲ್ಲಿ ಕೊಳೆಯುತ್ತದೆ. ಬೆಟ್ಟಾ ಹುಳುಹುಪ್ಪಟೆ ತಿನ್ನುವ ಮೀನು. ದಿನಕ್ಕೆರಡು ಬಾರಿ ಎರಡು ಮೂರು ಕಾಳು ಸಿದ್ಧ ಆಹಾರ, ನಡುನಡುವೆ ಸೊಳ್ಳೆಯ ಮರಿಹುಳು ಇದ್ದರೆ ಸಾಕು. ಇಷ್ಟು ನಡೆದರೆ ಅದು ಸಾಮಾನ್ಯವಾಗಿ ಎರಡು ಮೂರು ವರ್ಷ ಬದುಕುತ್ತದೆ.